ಗೋಡೆ ಮೇಲೆ ಏಳು ಗಿಟಾರ್

ಯುವಜನರ ಆರಾಧನೆ, ಮಾಗಡಿ
ವಾಕ್ಯಭಾಗ: ಲೂಕ 12:13–21

ಕೂತ್ಕೊಳ್ಳಿ ಪ್ರಿಯರೇ. ಆರಾಧನೆ ನಡೆಸಿದ ತಮ್ಮಂದಿರಿಗೂ ತಂಗಿಯರಿಗೂ ದೇವರು ಇನ್ನೂ ಹೆಚ್ಚಿನ ಕೃಪೆ ಕೊಡಲಿ. ವಾಕ್ಯ ಓದಿದ ತಂಗಿಗೂ ವಂದನೆ. ಹಿಂದಿನ ಸಾಲಿನಲ್ಲಿ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಚಾಪೆ ಖಾಲಿ ಇದೆ.

ಇವತ್ತು ನಾನು ನನ್ನ ಮೇಲೇ ಪ್ರಸಂಗ ಮಾಡ್ತಿದ್ದೀನಿ. ಎರಡು ತಿಂಗಳಿಂದ ದೇವರು ಒಂದು ವಿಷಯದಲ್ಲಿ ನನ್ನ ಹಿಡಿದುಕೊಂಡಿದ್ದಾರೆ. ಆ ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ನನ್ನ ಹೆಂಡತಿಗೂ ಮೊದಲು ನಗುವೇ ಬಂತು. ವಿಷಯ ಏನಂದ್ರೆ, ನನ್ನ ಹತ್ರ ಏಳು ಗಿಟಾರ್ ಇದ್ದವು. ಅದರಲ್ಲಿ ಎಷ್ಟು ಇಟ್ಟುಕೊಳ್ಳೋದು, ಎಷ್ಟು ಬಿಡೋದು?

ಏಳು ಅಂದ ಕೂಡಲೇ ಯಾರೋ ಅಲ್ಲಿ ಶಿಳ್ಳೆ ಹೊಡೆದರು. ಇರಲಿ, ಇರಲಿ. ಒಂದೊಂದಾಗಿ ಹೇಳಿಬಿಡ್ತೀನಿ, ಮುಚ್ಚಿಡೋದು ಏನೂ ಇಲ್ಲ. ಮೊದಲನೇದು ನಮ್ಮ ಅಪ್ಪಂದು, ಹಳೇ ಗಿವ್ಸನ್. ಕೋಲ್ಕತ್ತದಲ್ಲಿ ಮಾಡೋ ಗಿಟಾರ್, ನಿಮ್ಮಲ್ಲಿ ತುಂಬಾ ಜನ ಅದರಲ್ಲೇ ಬೆರಳು ಕೊಯ್ಕೊಂಡು ಕಲಿತಿದ್ದೀರಿ. ಎರಡನೇದು ಯಮಾಹಾ, ನನ್ನ ಮೊದಲನೇ ಸಂಬಳದ್ದು. ಮೂರನೇದು ಸ್ಕ್ವಯರ್ ಎಲೆಕ್ಟ್ರಿಕ್, ಇಲ್ಲಿ ಭಾನುವಾರ ನುಡಿಸೋದು ಅದೇ. ಆಮೇಲೆ ಒಂದು ಐಬನೇಜ್, ಒಂದು ಹನ್ನೆರಡು ತಂತಿಯದು, ಒಂದು ನೈಲಾನ್ ತಂತಿಯದು. ಏಳನೇದು ಎಪಿಫೋನ್. ಅದನ್ನ ಇಎಂಐನಲ್ಲಿ ತಗೊಂಡೆ. ತಗೊಂಡ ಮೇಲೆ ಅದನ್ನ ಎಷ್ಟು ಸಲ ಆರಾಧನೆಯಲ್ಲಿ ನುಡಿಸಿದ್ದೀನಿ ಗೊತ್ತಾ? ಎರಡು ಸಲ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕು ಸರಿಯಾಗಿ ಹೋಗುತ್ತೆ.

ನಮ್ಮದು ಎರಡು ಕೋಣೆ ಬಾಡಿಗೆ ಮನೆ. ಕರ್ತನ ಕೃಪೆಯಿಂದ ಮುಂದಿನ ತಿಂಗಳು ನಮ್ಮ ಮನೆಗೆ ಮಗು ಬರುತ್ತೆ. ಅಮ್ಮನೂ ಬಂದು ನಮ್ಮ ಜೊತೆ ಇರ್ತಾರೆ. ಒಂದು ರಾತ್ರಿ ನನ್ನ ಹೆಂಡತಿ ಕೋಣೆ ಮಧ್ಯೆ ನಿಂತ್ಕೊಂಡು, "ರೀ, ತೊಟ್ಟಿಲು ಎಲ್ಲಿ ಕಟ್ಟೋದು ಹೇಳಿ" ಅಂದಳು. ಸುತ್ತ ನೋಡಿದೆ. ಒಂದು ಗೋಡೆ ತುಂಬಾ ಗಿಟಾರ್, ಕೆಳಗೆ ಅವುಗಳ ಪೆಟ್ಟಿಗೆ, ಮಂಚದ ಕೆಳಗೆ ಆಂಪ್ಲಿಫೈಯರ್. "ಸರಿ, ಕಡಿಮೆ ಮಾಡ್ತೀನಿ" ಅಂದೆ.

ಮಾರನೇ ದಿನ ಬೆಂಗಳೂರಿಗೆ ಹೋಗೋ ಬಸ್ಸಲ್ಲಿ ಕೂತ್ಕೊಂಡು ಮೊಬೈಲಲ್ಲಿ ಲೆಕ್ಕ ಹಾಕಿದೆ. ನಿಮಗೆ ಗೊತ್ತಲ್ಲ, ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟೋ ಹೊತ್ತಿಗೆ ಒಂದು ಲೆಕ್ಕ ಏನು, ವರ್ಷದ ಬಜೆಟ್ಟೇ ಮುಗಿಸಬಹುದು. ಐದು ಗಿಟಾರ್ ಓಎಲ್‌ಎಕ್ಸ್‌ಗೆ ಹಾಕೋದು, ಯಾವುದಕ್ಕೆ ಎಷ್ಟು ಬರುತ್ತೆ ಅಂತ ಬರೆದೆ, ಕೂಡಿದೆ. ಆ ಮೊತ್ತ ನೋಡಿದಾಗ ಒಳಗೆ ಒಂಥರಾ ಸಂತೋಷ ಆಯ್ತು. ಯಾಕಂದ್ರೆ ಅದಕ್ಕೆ ಸ್ವಲ್ಪ ಸೇರಿಸಿದರೆ ಒಂದು ಟೇಲರ್ ಬರುತ್ತಿತ್ತು! ಎಷ್ಟೋ ವರ್ಷದಿಂದ ನಾನು ಬರೀ ವಿಡಿಯೋದಲ್ಲಿ ನೋಡ್ತಿದ್ದ ಗಿಟಾರ್ ಅದು. ಸಂಜೆ ಮನೆಗೆ ಬಂದು ಹೆಂಡತಿಗೆ ತೋರಿಸಿದೆ. "ನೋಡು, ಏಳು ಇದ್ದಿದ್ದು ಮೂರಾಗುತ್ತೆ. ಮನೆಯೂ ಖಾಲಿ ಆಯ್ತು." ಅವಳು ಪಟ್ಟಿ ಪೂರ್ತಿ ಓದಿ ಒಂದೇ ಮಾತು ಕೇಳಿದಳು. "ಇದು ಕಡಿಮೆ ಮಾಡೋದೋ, ದೊಡ್ಡದು ಮಾಡೋದೋ?"

ಪ್ರಿಯರೇ, ಆ ರಾತ್ರಿ ನಾನು ಈ ಲೂಕ 12ನೇ ಅಧ್ಯಾಯ ಓದಿದೆ. ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ, ಆದರೆ 18ನೇ ವಚನ ಅವತ್ತು ನನಗೆ ಹೊಸದಾಗಿ ಕಾಣಿಸ್ತು. ಆ ಐಶ್ವರ್ಯವಂತ ಮೊದಲು ಏನು ಮಾಡಬೇಕು ಅಂತಾನೆ? ಇರೋ ಕಣಜಗಳನ್ನ ಕೆಡವಬೇಕು ಅಂತಾನೆ. ಗಮನಿಸಿದ್ದೀರಾ? ಅವನೂ ಹಳೇದನ್ನ ತೆಗೆದುಹಾಕೋನೇ. ಸಣ್ಣದನ್ನೆಲ್ಲಾ ಕೆಡವಿ ದೊಡ್ಡದು ಕಟ್ಟಬೇಕು ಅಂತ. ನಾನು ಬಸ್ಸಲ್ಲಿ ಕೂತು ಬರೆದಿದ್ದು ಅವನದೇ ಪ್ಲಾನ್. ಅವನಿಗೆ ಕಣಜ, ನನಗೆ ಟೇಲರ್, ಅಷ್ಟೇ ವ್ಯತ್ಯಾಸ.

ಇನ್ನೊಂದು ನೋಡಿ. ಆ ಸಾಮ್ಯದಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಆಳು ಇಲ್ಲ, ಪಕ್ಕದ ಹೊಲದವನಿಲ್ಲ. ಅವನು ಯಾರ ಜೊತೆ ಮಾತಾಡ್ತಾನೆ? ತನ್ನ ಜೊತೇನೇ. ಏನು ಮಾಡಲಿ ಅಂತ ತನ್ನನ್ನೇ ಕೇಳ್ಕೊಳ್ತಾನೆ, ತನಗೇ ಉತ್ತರ ಹೇಳ್ಕೊಳ್ತಾನೆ. ನನ್ನ ಬೆಳೆ, ನನ್ನ ಕಣಜ, ನನ್ನ ಸೊತ್ತು. ಆದರೆ ಯೇಸು ಸ್ವಾಮಿ ಕಥೆ ಶುರು ಮಾಡೋದು ಹೇಗೆ? ಅವನು ಚೆನ್ನಾಗಿ ಬೆಳೆದ ಅಂತ ಅಲ್ಲ. ಭೂಮಿ ಚೆನ್ನಾಗಿ ಬೆಳೆಯಿತು ಅಂತ. ಬೆಳೆಸಿದ್ದು ಭೂಮಿ, ಮಳೆ ಕೊಟ್ಟವನು ದೇವರು, 'ನನ್ನದು' ಅಂದವನು ಇವನು.

ನನ್ನ ಯಮಾಹಾ ತೆಗೆದು ಅವತ್ತು ಸುಮ್ಮನೆ ನೋಡಿದೆ. ಬೆರಳಿಡೋ ಪಟ್ಟಿ ಬೀಟೆ ಮರದ್ದು. ನಮ್ಮ ಮಲೆನಾಡಿನ ಕಾಡಲ್ಲಿ ಬೆಳೆಯೋ ಮರ. ಅಮೆರಿಕದ ಮಾರ್ಟಿನ್ ಕಂಪನಿಯವರು ಬ್ರೆಜಿಲ್‌ನ ಮರ ಸಿಗೋದು ಕಷ್ಟ ಆದಾಗ 1969ರಿಂದ ಭಾರತದ ಬೀಟೆಯನ್ನೇ ತಮ್ಮ ಗಿಟಾರ್‌ಗೆ ಹಾಕೋಕೆ ಶುರು ಮಾಡಿದರು. ನಾನು ಹುಟ್ಟೋದಕ್ಕೆ ಎಷ್ಟೋ ಮುಂಚೆ ದೇವರು ಮಳೆ ಕೊಟ್ಟು ಬೆಳೆಸಿದ ಮರ, ಯಾರೋ ಕೊಯ್ದರು, ಯಾರೋ ಉಜ್ಜಿದರು, ನಾನು ಕಾರ್ಡ್ ಉಜ್ಜಿದೆ. ಆಮೇಲೆ 'ನನ್ನದು' ಅಂದೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಕೂಡಿಡೋದೇ ಪಾಪ ಅಂತ ನಾನು ಹೇಳ್ತಿಲ್ಲ. ಆದಿಕಾಂಡ 41ರಲ್ಲಿ ಯೋಸೇಫ ಏಳು ವರ್ಷ ಕೂಡಿಟ್ಟ. ಐದರಲ್ಲಿ ಒಂದು ಪಾಲು, ಊರೂರಲ್ಲಿ ಕಣಜ. ಅದನ್ನ ದೇವರೇ ತೋರಿಸಿಕೊಟ್ಟಿದ್ದು. ಆದರೆ ಬರ ಬಂದಾಗ 56ನೇ ವಚನದಲ್ಲಿ ಅವನು ಕಣಜಗಳ ಬಾಗಿಲು ತೆಗೆದ. ಬಿಟ್ಟಿ ಕೊಟ್ಟ ಅಂತಾನೂ ಇಲ್ಲ, ಮಾರಿದ. ಮಾರೋದೂ ತಪ್ಪಲ್ಲ ಅಂತಾಯ್ತು. ಎರಡು ಕಡೆಯೂ ಕಣಜವೇ. ಒಂದರಲ್ಲಿ ಬೇರೆಯವರ ಹಸಿವು ಲೆಕ್ಕದಲ್ಲಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ನಮ್ಮ ಕಡೆ ಹಿರಿಯರು ರಾಗಿಯನ್ನ ಹಗೇವಿನಲ್ಲಿ ಇಡ್ತಿದ್ದರು. ನಿಮ್ಮಲ್ಲಿ ಬೆಂಗಳೂರಲ್ಲೇ ಬೆಳೆದೋರಿಗೆ ಗೊತ್ತಿರಲ್ಲ. ನೆಲದಲ್ಲಿ ಗುಂಡಿ ತೋಡೋದು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಒಂದು ದೊಡ್ಡ ಮಡಕೆ ಹೂತಿಟ್ಟ ಹಾಗೆ. ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಹಾಕೋರು. ವರ್ಷಗಟ್ಟಲೆ ಹುಳ ಹಿಡೀತಿರಲಿಲ್ಲ. ಬರಗಾಲದಲ್ಲಿ ಎಷ್ಟು ಮನೆ ಉಳಿಸಿದೆ ಅದು! ಆದರೆ ಹಗೇವು ತೆಗೆದ ಕೂಡಲೇ ಒಳಗೆ ಇಳೀಬಾರದು. ಮುಚ್ಚಿದ ಜಾಗದಲ್ಲಿ ಗಾಳಿ ಕೆಟ್ಟಿರುತ್ತೆ. ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯೋದು. ಅವಸರಪಟ್ಟು ಇಳಿದು ಸತ್ತವರಿದ್ದಾರೆ. ರಾಗಿ ಚೆನ್ನಾಗೇ ಇತ್ತು, ಇಳಿದವನೇ ಹೋದ. ನಮ್ಮ ಅಜ್ಜಿ ಈ ಮಾತು ಹೇಳುವಾಗೆಲ್ಲ ನನಗೆ ಭಯ ಆಗ್ತಿತ್ತು. ಈಗ ಈ ಐಶ್ವರ್ಯವಂತನ ಕಥೆ ಓದುವಾಗಲೂ ಅದೇ ನೆನಪಾಗುತ್ತೆ. ಕಣಜ ತುಂಬಿತ್ತು, ಧಾನ್ಯ ಕೆಟ್ಟಿರಲಿಲ್ಲ. ಆ ರಾತ್ರಿ ಹೋಗಿದ್ದು ಅವನ ಪ್ರಾಣ.

ಸರಿ, ಗಿಟಾರ್ ವಿಷಯಕ್ಕೆ ಬರೋಣ. ಕೆಲವು ಹಿರಿಯರು ಹೇಳ್ತಾರೆ, ಗಿಟಾರ್ ಅನ್ನೋದೇ ಲೋಕದ್ದು, ಎಲ್ಲಾ ಬಿಟ್ಟುಬಿಡು, ತಲೆನೋವೇ ಇಲ್ಲ ಅಂತ. ಅವರ ಮೇಲೆ ನನಗೆ ಗೌರವ ಇದೆ, ಆದರೆ ಆ ಮಾತನ್ನ ನಾನು ಒಪ್ಪಲ್ಲ. ನಮ್ಮ ಪೆಂಟೆಕೋಸ್ಟ್ ಚರಿತ್ರೆ ಅವರಿಗೆ ಪೂರ್ತಿ ಗೊತ್ತಿಲ್ಲ ಅನ್ಸುತ್ತೆ. ಅಮೆರಿಕದಲ್ಲಿ 1915ರಲ್ಲಿ ಹುಟ್ಟಿದ ಒಬ್ಬ ಕಪ್ಪು ಹೆಣ್ಣುಮಗಳು, ಸಿಸ್ಟರ್ ರೊಸೆಟ್ಟಾ ಥಾರ್ಪ್. ಪೆಂಟೆಕೋಸ್ಟ್ ಸಭೆಯ ಮಗಳು. ಚಿಕ್ಕ ಹುಡುಗಿಯಾಗಿದ್ದಾಗಲೇ ತಾಯಿ ಜೊತೆ ಸುವಾರ್ತೆ ಕೂಟಗಳಲ್ಲಿ ಗಿಟಾರ್ ನುಡಿಸಿಕೊಂಡು ಹಾಡ್ತಿದ್ದರು. ಎಲೆಕ್ಟ್ರಿಕ್ ಗಿಟಾರ್ ಅವರ ಕೈಯಲ್ಲಿ ಹೇಗೆ ಮಾತಾಡ್ತು ಅಂದ್ರೆ, ಮುಂದೆ ರಾಕ್ ಸಂಗೀತ ಮಾಡಿದವರಲ್ಲಿ ಎಷ್ಟೋ ಜನ ಅವರಿಂದ ಕಲಿತರು. 2018ರಲ್ಲಿ, ತೀರಿಹೋಗಿ ಹತ್ತತ್ರ ನಲವತ್ತೈದು ವರ್ಷ ಆದ ಮೇಲೆ, ಅವರ ಹೆಸರನ್ನ ಅಲ್ಲಿಯ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. 1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ರೈಲು ನಿಲ್ಲಿಸಿಬಿಟ್ಟಿದ್ದ ಒಂದು ನಿಲ್ದಾಣದಲ್ಲಿ ಟಿವಿಯವರು ಅವರ ಹಾಡನ್ನ ಚಿತ್ರೀಕರಿಸಿದರು. ಮಳೆ ಬಂದಿದೆ, ಪ್ಲಾಟ್‌ಫಾರ್ಮ್ ಒದ್ದೆ, ಈಯಮ್ಮ ಕೋಟ್ ಹಾಕ್ಕೊಂಡು ಬಂದು ಗಿಟಾರ್ ಕೊರಳಿಗೆ ಹಾಕ್ಕೊಂಡು ದೇವರ ಹಾಡು ಹಾಡ್ತಾರೆ. ಮನೆಗೆ ಹೋಗಿ ನೋಡಿ. ಲೋಕದವರು ಗಿಟಾರನ್ನ ನಮಗೆ ಕೊಡಲಿಲ್ಲ, ನಮ್ಮ ಸಭೆಯಿಂದ ಅವರು ತಗೊಂಡು ಹೋದರು ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ. ಅದು ಪೂರ್ತಿ ತಮಾಷೆ ಅಲ್ಲ.

ಗಿಟಾರ್ ಪಾಪ ಅಲ್ಲ ಅಂತ ನನಗೆ ನಾನೇ ಹೇಳ್ಕೊಂಡು ನೆಮ್ಮದಿಯಾಗಿದ್ದೆ. ದಾವೀದನ ಹತ್ರ ಕಿನ್ನರಿ ಇತ್ತಲ್ಲ ಅಂತ ಸಮಾಧಾನ. ಆಗ ಆಮೋಸ 6 ಎದುರಿಗೆ ಬಂತು. 5 ಮತ್ತು 6ನೇ ವಚನ, ಗುರುತು ಹಾಕ್ಕೊಳ್ಳಿ. ಅಲ್ಲಿ ಪ್ರವಾದಿ ಬೈತಿರೋ ಜನ ಯಾರು? ವಾದ್ಯ ನುಡಿಸೋರು. ದಾವೀದನ ಹಾಗೆ ತಮಗೆ ಹೊಸ ಹೊಸ ವಾದ್ಯ ಮಾಡ್ಕೊಳ್ಳೋರು. ಅವರ ತಪ್ಪು ಏನು? ವಾದ್ಯ ಇಟ್ಟುಕೊಂಡಿದ್ದಲ್ಲ. ಯೋಸೇಫನ ಮನೆ ಮುರೀತಾ ಇದ್ದರೂ ಅವರಿಗೆ ಅದು ನೋವಾಗಲಿಲ್ಲ. ನೋಡಿ, ದಾವೀದನ ಹೆಸರನ್ನೇ ತಗೊಂಡು ಆಮೋಸನು ಹೊಡೀತಾನೆ. ದಾವೀದನ ಕಿನ್ನರಿ ಸೌಲನ ಕೋಣೆಗೆ ಹೋಯ್ತು, 1 ಸಮುವೇಲ 16. ಅಲ್ಲಿ ಒಬ್ಬ ಮನುಷ್ಯ ಒಳಗೊಳಗೇ ಒದ್ದಾಡ್ತಿದ್ದ, ಅದನ್ನ ಕೇಳಿ ಅವನಿಗೆ ಉಪಶಮನ ಆಯ್ತು. ಇವರ ವಾದ್ಯ ದಂತದ ಮಂಚದ ಪಕ್ಕದಲ್ಲೇ ಉಳೀತು.

ಈಗ ನಾನು ಹೇಳೋಕೆ ಕಷ್ಟ ಆಗೋ ಮಾತಿಗೆ ಬರ್ತೀನಿ.

ನಮ್ಮ ಸಭೆಗೆ ಸಾವನದುರ್ಗದ ಕಡೆ ಒಂದು ಹಳ್ಳಿಯಿಂದ ಒಬ್ಬ ತಮ್ಮ ಬರ್ತಿದ್ದ. ಹೆಸರು ಹೇಳಲ್ಲ. ಇದನ್ನ ಹೇಳೋಕೆ ಅವನ ಒಪ್ಪಿಗೆ ಕೇಳಿದ್ದೀನಿ. ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸ. ಆರಾಧನೆ ಮುಗಿದ ಮೇಲೆ ಬೇರೆಯವರೆಲ್ಲ ಟೀ ಕುಡಿಯೋಕೆ ಹೋದರೆ, ಇವನು ವೇದಿಕೆ ಪಕ್ಕ ನಿಂತು ನನ್ನ ಬೆರಳು ನೋಡ್ತಿದ್ದ. ಒಂದಿನ ಕೇಳಿದ, "ಅಣ್ಣ, ಹಳೇದು ಯಾವುದಾದ್ರೂ ಗಿಟಾರ್ ಇದ್ರೆ ಸ್ವಲ್ಪ ದಿನಕ್ಕೆ ಕೊಡ್ತೀರಾ? ಊರಲ್ಲಿ ಕೂಟ ಇರುತ್ತೆ, ಬರೀ ಚಪ್ಪಾಳೆ ಹೊಡ್ಕೊಂಡು ಹಾಡ್ತೀವಿ." ನಾನು ಅಂದೆ, "ನೋಡೋಣ ತಮ್ಮ." ಇನ್ನೊಂದು ಸಲ ಕೇಳಿದ. "ನೋಡೋಣ." ಮೂರನೇ ಸಲ ಕೇಳಿದಾಗ ನಾನು ಏನಂದೆ ಗೊತ್ತಾ? "ಪ್ರಾರ್ಥನೆ ಮಾಡು, ಕರ್ತನು ಒದಗಿಸ್ತಾನೆ."

ಏಳು ಗಿಟಾರ್ ಮನೆಯಲ್ಲಿ ಇಟ್ಕೊಂಡು, ಪ್ರಾರ್ಥನೆ ಮಾಡು ಅಂದೆ. ಯಾಕೋಬನು ಎರಡನೇ ಅಧ್ಯಾಯದಲ್ಲಿ ಬಟ್ಟೆ ಇಲ್ಲದವನಿಗೆ ಬೆಚ್ಚಗಿರು ಅಂತ ಹೇಳಿ ಕಳಿಸೋರ ಬಗ್ಗೆ ಬರೀತಾನೆ. ನಾನು ಆ ಭಾಗದ ಮೇಲೆ ಇದೇ ಜಾಗದಲ್ಲಿ ನಿಂತು ಪ್ರಸಂಗ ಮಾಡಿದ್ದೀನಿ. ಕೆಲವರು ಅತ್ತಿದ್ದೂ ಉಂಟು.

ಆಮೇಲೆ ಆ ತಮ್ಮ ಬರೋದು ನಿಲ್ಲಿಸಿದ. ಎರಡು ತಿಂಗಳಾಯ್ತು. ನಾನು ಏನು ಮಾಡಿದೆ? ಜಾರಿಹೋದವರ ಪ್ರಾರ್ಥನೆ ಪಟ್ಟಿಯಲ್ಲಿ ಅವನ ಹೆಸರು ಬರೆದೆ. ಫೋನ್ ಮಾಡಲಿಲ್ಲ. ಮೊದಲೇ ಹೇಳಿದೆನಲ್ಲ, ಲೂಕ 12 ಓದಿದ ರಾತ್ರಿ. ಆ ಕಥೆಯಲ್ಲಿ ಎರಡನೇ ಮನುಷ್ಯ ಇಲ್ಲ ಅಂತ ಯೋಚಿಸ್ತಾ ಮಲಗಿದ್ದಾಗ, ಪವಿತ್ರಾತ್ಮನು ಆ ಹುಡುಗನ ಮುಖವನ್ನ ನನ್ನ ಮುಂದೆ ತಂದರು. ನಾನು ನನ್ನ ಪಟ್ಟಿಯಲ್ಲಿ ಗಿಟಾರ್ ಹೆಸರು, ಬೆಲೆ, ವರ್ಷ ಎಲ್ಲಾ ಬರೆದಿದ್ದೆ. ಯಾರಿಗೆ ಅನ್ನೋ ಕಾಲಮ್ಮೇ ಇರಲಿಲ್ಲ.

ಮುಂದಿನ ಶನಿವಾರ ಅವರ ಮನೆಗೆ ಹೋದೆ. ಅವರ ತಾಯಿ ಬಾಗಿಲಲ್ಲಿ ಅವರೆಕಾಯಿ ಸುಲೀತಾ ಕೂತಿದ್ದರು. "ಬನ್ನಿ ಪಾಸ್ಟ್ರೇ, ಮಗ ಮಲಗವ್ನೆ. ಭಾನುವಾರನೂ ಶಿಫ್ಟು ಹಾಕ್ಬುಟ್ಟವ್ರೆ, ಬೆಳಿಗ್ಗೆ ಆರ್ ಗಂಟೆ ಬಸ್ಸಿಗೆ ಹೋಯ್ತಾನೆ" ಅಂದರು. ಅಷ್ಟೇ ವಿಷಯ. ಅವನು ಜಾರಿರಲಿಲ್ಲ, ಕೆಲಸಕ್ಕೆ ಹೋಗಿದ್ದ. ನಾನು ಒಳಗೆ ಹೋಗಿ ಕೂತೆ. ಗೋಡೆಗೆ ಒಂದು ಪ್ಲೈವುಡ್ ಪಟ್ಟಿ ಒರಗಿಸಿಟ್ಟಿತ್ತು, ಸುಮಾರು ಎರಡಡಿ ಉದ್ದ. ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಉದ್ದಕ್ಕೆ ಆರು ಗೆರೆ, ಅಡ್ಡಕ್ಕೆ ಗೆರೆ, ಮೂರನೇ, ಐದನೇ ಮನೆಯಲ್ಲಿ ಒಂದೊಂದು ಚುಕ್ಕೆ. ಗಿಟಾರಿನ ಕುತ್ತಿಗೆ ಬರೆದುಕೊಂಡಿದ್ದ. ಯೂಟ್ಯೂಬ್ ನೋಡಿ ಆ ಹಲಗೆ ಮೇಲೆ ಬೆರಳು ಇಟ್ಟು ಕಾರ್ಡ್ ಕಲೀತಿದ್ದ. ಎದ್ದು ಬಂದವನು ನಾನು ಅದನ್ನ ನೋಡ್ತಿರೋದು ಕಂಡು ನಾಚಿಕೊಂಡ. "ಇದ್ರಲ್ಲಿ ಬೆರಳಿಗೆ ಅಭ್ಯಾಸ ಆಗುತ್ತಣ್ಣ. ಶಬ್ದ ಬರಲ್ಲ, ಅಷ್ಟೇ."

ನನಗೆ ಮಾತು ಬರಲಿಲ್ಲ. ಅವರ ತಾಯಿ ಕೊಟ್ಟ ಕಾಫಿ ಕುಡಿದು, ಪ್ರಾರ್ಥನೆ ಮಾಡಿ ಬಂದೆ. ಪ್ರಾರ್ಥನೆಯಲ್ಲಿ ಏನು ಹೇಳಿದೆನೋ ನೆನಪಿಲ್ಲ.

ಈಗ ನೀವು ಅಂದ್ಕೊಳ್ತೀರಿ, ಪಾಸ್ಟರ್ ಅವತ್ತೇ ಹೋಗಿ ಒಳ್ಳೇ ಗಿಟಾರ್ ತಂದು ಕೊಟ್ಟರು ಅಂತ. ಇಲ್ಲ. ಮನೆಗೆ ಬಂದು ಗೋಡೆ ಮುಂದೆ ನಿಂತೆ. ಕೈ ಎಲ್ಲಿಗೆ ಹೋಯ್ತು? ಐಬನೇಜ್ ಕಡೆಗೆ. ಯಾಕಂದ್ರೆ ಅದರ ನೆಕ್ ಸ್ವಲ್ಪ ಬಾಗಿದೆ. ಮಲಾಕಿಯನು ಹೇಳೋ ಕುಂಟು ಕುರಿ ಇದೇ ಅಲ್ವಾ? ಕಲಿಯೋನಿಗೆ ತಂತಿ ಎತ್ತರ ಇರೋ ಗಿಟಾರ್ ಕೊಟ್ಟರೆ ಒಂದು ವಾರದಲ್ಲಿ ಬೆರಳು ನೋವು ತಡೀಲಾರದೆ ಬಿಟ್ಟುಬಿಡ್ತಾನೆ. ಗೊತ್ತಿರೋ ನಾನೇ ಅದಕ್ಕೆ ಕೈ ಹಾಕಿದೆ. ಎರಡು ದಿನ ಆ ಹೋರಾಟ ಇತ್ತು ನನಗೆ. ಮೊದಲನೇ ಸಂಬಳದ ಯಮಾಹಾ ಕೆಳಗಿಳಿಸಿ, ತಂತಿ ಬದಲಾಯಿಸಿ, ಮುಂದಿನ ಶನಿವಾರ ಬಸ್ಸಲ್ಲಿ ತಗೊಂಡು ಹೋದೆ. ಅವರೆಕಾಯಿ ಮೂಟೆಗಳ ಮಧ್ಯೆ ಗಿಟಾರ್ ನಿಲ್ಲಿಸ್ಕೊಂಡು ನಿಂತಿದ್ದೆ. ಕಂಡಕ್ಟರ್, "ಇದಕ್ಕೂ ಟಿಕೆಟ್ ತಗೋಬೇಕು ಸ್ವಾಮಿ, ಮೂಟೆಗಿಂತ ಉದ್ದ ಐತೆ" ಅಂದರು. ಇಡೀ ಬಸ್ ನಕ್ಕಿತು.

ಅದನ್ನ ಕೊಟ್ಟು ಬರುವಾಗ ನನಗೆ ತುಂಬಾ ಆನಂದ ಆಯ್ತು ಅಂತ ಹೇಳಬೇಕು, ಸಾಕ್ಷಿಗಳಲ್ಲಿ ಹಾಗೇ ಹೇಳೋದು. ನಿಜ ಹೇಳ್ತೀನಿ, ಹೊಟ್ಟೆ ಉರೀತಿತ್ತು. ನಾಲ್ಕು ದಿನ ಗೋಡೆಯ ಆ ಮೊಳೆ ನೋಡಿದಾಗೆಲ್ಲ ಉರೀತು. ಐದನೇ ದಿನ ಅವನು ವಾಟ್ಸಾಪಲ್ಲಿ ಒಂದು ಆಡಿಯೋ ಕಳಿಸಿದ. ಜಿ ಯಿಂದ ಸಿ ಗೆ ಹೋಗೋಷ್ಟರಲ್ಲಿ ಹಾಡೋರೆಲ್ಲ ನಿಂತು ಅವನಿಗಾಗಿ ಕಾಯ್ತಾರೆ, ಆಮೇಲೆ ಮತ್ತೆ ಹಾಡ್ತಾರೆ. ಹಿಂದೆ ಒಂದು ನಾಯಿ ಬೊಗಳ್ತಿದೆ. ನಾನು ಆ ಆಡಿಯೋ ಅಳಿಸಿಲ್ಲ.

ಉಳಿದವನ್ನ ಬೇಗ ಹೇಳ್ತೀನಿ. ಎಪಿಫೋನ್ ಮಾರಿದೆ, ಸಾಲ ತೀರಿಸಿದೆ. ಸಾಲದಲ್ಲಿರೋ ವಸ್ತುವನ್ನ ಕಾಣಿಕೆ ಕೊಡೋಕೆ ಹೋಗಬೇಡಿ, ಮೊದಲು ಸಾಲ ತೀರಿಸಿ. ಹನ್ನೆರಡು ತಂತಿಯದನ್ನೂ ಮಾರಿದೆ, ತೊಟ್ಟಿಲು ಬಂತು, ಆಸ್ಪತ್ರೆಗೆ ಸ್ವಲ್ಪ ಇಟ್ಟಿದ್ದೀವಿ. ಐಬನೇಜ್ ರಿಪೇರಿಗೆ ಕೊಟ್ಟಿದ್ದೀನಿ, ನೆಕ್ ನೇರ ಆದರೆ ಅದೂ, ನೈಲಾನ್ ತಂತಿಯದೂ ಇಲ್ಲಿ ಶನಿವಾರ ಸಂಜೆ ಕಲಿಯೋ ಮಕ್ಕಳಿಗೆ. ಸ್ಕ್ವಯರ್ ನಾನು ಇಟ್ಕೊಂಡಿದ್ದೀನಿ. ನಾಚಿಕೆ ಇಲ್ಲದೆ ಇಟ್ಕೊಂಡಿದ್ದೀನಿ, ಅದು ನನ್ನ ಸೇವೆಯ ವಾದ್ಯ.

ಇದನ್ನ ಕೇಳಿ ಯಾರೂ ನಾಳೆ ಬೆಳಿಗ್ಗೆ ಇದ್ದಬದ್ದದ್ದೆಲ್ಲ ಮಾರೋಕೆ ಹೋಗಬೇಡಿ. ಸಭೆಗೆ ತಂದು ಸುರಿಯಿರಿ ಅಂತಾನೂ ನಾನು ಹೇಳ್ತಿಲ್ಲ. ಅಂಥ ಪ್ರಸಂಗಗಳನ್ನ ನೀವು ಬೇಕಾದಷ್ಟು ಕೇಳಿದ್ದೀರಿ. ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರನು ಅನನೀಯನಿಗೆ ಏನು ಹೇಳ್ತಾನೆ? ಮಾರೋಕೆ ಮುಂಚೆ ಆ ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೆ ದುಡ್ಡೂ ನಿನ್ನ ಕೈಯಲ್ಲೇ ಇತ್ತು ಅಂತ. ಬಲವಂತ ಇರಲಿಲ್ಲ. ಅವನು ಸತ್ತಿದ್ದು ಇಟ್ಕೊಂಡಿದ್ದಕ್ಕಲ್ಲ, ಎಲ್ಲಾ ಕೊಟ್ಟೆ ಅಂತ ತೋರಿಸ್ಕೊಂಡಿದ್ದಕ್ಕೆ. ಇನ್ಸ್ಟಾಗ್ರಾಂನಲ್ಲಿ ಹಾಕೋಕೆ ಅಂತ ಕೊಡೋರು ಆ ಅಧ್ಯಾಯ ನಿಧಾನವಾಗಿ ಓದಿ. ನಾನೂ ಇವತ್ತು ಇಲ್ಲಿ ನಿಂತು ನಾನು ಕೊಟ್ಟಿದ್ದನ್ನ ಹೇಳ್ತಿದ್ದೀನಿ, ಅದಕ್ಕೇ ಕೊಡದೇ ಇದ್ದಿದ್ದನ್ನ ಮೊದಲು ಹೇಳಿದೆ.

ಒಬ್ಬೊಬ್ಬರ ಸಂಖ್ಯೆ ಒಂದೊಂದು. ನಮ್ಮ ಮಧ್ಯೆ ರೆಕಾರ್ಡಿಂಗ್ ಕೆಲಸ ಮಾಡೋರಿದ್ದಾರೆ, ಅವರಿಗೆ ಐದು ಗಿಟಾರ್ ಬೇಕೇ ಬೇಕು, ಮೆಕ್ಯಾನಿಕ್‌ಗೆ ಸ್ಪ್ಯಾನರ್ ಬೇಕಾದ ಹಾಗೆ. ಅವರ ಗೋಡೆ ಎಣಿಸೋ ಕೆಲಸ ನಿಮಗೆ ಬೇಡ. ಒಂದೇ ಗಿಟಾರ್ ಇಟ್ಕೊಂಡು ಅದನ್ನ ಯಾರಿಗೂ ಮುಟ್ಟೋಕೆ ಬಿಡದೇ ಇರೋರೂ ಇದ್ದಾರೆ. ಗಿಟಾರೇ ಇಲ್ಲದವರು, ನಿಮ್ಮ ಶೂ ಎಷ್ಟು ಜೊತೆ ಇದೆ ನೋಡ್ಕೊಳ್ಳಿ.

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಹೆಸರು ಇಲ್ಲಿ ಕೆಲವರಿಗೆ ಗೊತ್ತು, ಗೊತ್ತಿಲ್ಲ ಅನ್ನೋ ಹಾಗೆ ಮುಖ ಮಾಡಬೇಡಿ. 2019ರ ಜೂನ್‌ನಲ್ಲಿ ಅವರು ತಮ್ಮ 120ಕ್ಕೂ ಹೆಚ್ಚು ಗಿಟಾರ್‌ಗಳನ್ನ ನ್ಯೂಯಾರ್ಕ್‌ನಲ್ಲಿ ಹರಾಜು ಹಾಕಿಸಿದರು. 1970ರಲ್ಲಿ ಕೊಂಡಿದ್ದ, ಬ್ಯಾಂಡಿನ ಹೆಸರಾದ ಎಷ್ಟೋ ಹಾಡುಗಳಿಗೆ ನುಡಿಸಿದ ಆ ಕಪ್ಪು ಸ್ಟ್ರಾಟೋಕಾಸ್ಟರ್ ಕೂಡ ಅದರಲ್ಲಿತ್ತು. ಅದೊಂದೇ 39 ಲಕ್ಷ 75 ಸಾವಿರ ಡಾಲರಿಗೆ ಹೋಯ್ತು. ಒಟ್ಟು ಬಂದಿದ್ದು ಸುಮಾರು 2 ಕೋಟಿ 15 ಲಕ್ಷ ಡಾಲರ್. ಹವಾಮಾನ ಬದಲಾವಣೆ ವಿಷಯದಲ್ಲಿ ಕಾನೂನು ಹೋರಾಟ ಮಾಡೋ ಕ್ಲೈಂಟ್ ಅರ್ತ್ ಅನ್ನೋ ಸಂಸ್ಥೆಗೆ ಆ ದುಡ್ಡು ಕೊಟ್ಟರು. ಅವರನ್ನ ನಾನು ವಿಶ್ವಾಸಿಗಳ ಮಾದರಿ ಅಂತ ಹೇಳ್ತಿಲ್ಲ. ಆದರೆ ಈ ಲೋಕದವರು ತಮ್ಮ ಕಾಲ ಅರಿತು ನಡೆಯೋದರಲ್ಲಿ ಬೆಳಕಿನ ಮಕ್ಕಳಿಗಿಂತ ಜಾಣರು ಅನ್ನೋ ಅರ್ಥದ ಮಾತನ್ನ ಯೇಸು ಸ್ವಾಮಿಯೇ ಲೂಕ 16ರಲ್ಲಿ ಹೇಳಿದ್ದಾರಲ್ಲ. ಅವರು ಆ ಕಪ್ಪು ಗಿಟಾರನ್ನ ಕೈಬಿಟ್ಟರು. ನನಗೆ ಯಮಾಹಾ ಬಿಡೋಕೆ ಎರಡು ವಾರ ಬೇಕಾಯ್ತು.

ಗಿಟಾರ್ ನುಡಿಸೋರಿಗೆ ಇನ್ನೊಂದು ಗೊತ್ತಿರಲಿ. ಒಂದು ಅಕೂಸ್ಟಿಕ್ ಗಿಟಾರಿನ ಆರು ಸ್ಟೀಲ್ ತಂತಿ ಶ್ರುತಿಗೆ ಬಿಗಿದರೆ ಒಟ್ಟು ಎಳೆತ ಹತ್ತತ್ರ 70 ಕೆಜಿ. ನುಡಿಸಿದರೂ ಅಷ್ಟೇ, ನುಡಿಸದಿದ್ದರೂ ಅಷ್ಟೇ. ಬೇಸಿಗೆಯಲ್ಲಿ ಗಾಳಿ ಒಣಗಿದಾಗ ಮರ ಕುಗ್ಗುತ್ತೆ, ಮಳೆಗಾಲದಲ್ಲಿ ಊದುತ್ತೆ, ಮೊಳೆಗೆ ನೇತುಹಾಕಿದ್ದು ಆ ಭಾರ ಹೊತ್ಕೊಂಡೇ ಇರುತ್ತೆ. ನನ್ನ ಐಬನೇಜ್ ಹಾಗೇ ಬಾಗಿದ್ದು. ಅದನ್ನ ಯಾರೂ ಹೊಡೀಲಿಲ್ಲ, ಬೀಳಿಸಲಿಲ್ಲ. ಸುಮ್ಮನೆ ಇಟ್ಟಿದ್ದೆ, ಅಷ್ಟೇ.

ಆರು ಗಿಟಾರಿನ ಲೆಕ್ಕ ಹೇಳಿದೆ. ಯಾರಾದರೂ ಎಣಿಸ್ತಿದ್ದರೆ ಒಂದು ಉಳಿದಿದೆ. ಅಪ್ಪಂದು.

ಅಪ್ಪ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚೋ ಕೆಲಸ ಮಾಡ್ತಿದ್ದರು. ಇಡೀ ದಿನ ಬಿಸಿನೀರಲ್ಲಿ ಗೂಡು ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರ್ತಿತ್ತು. ರಾತ್ರಿ ಮನೆಗೆ ಬಂದು ಅದೇ ಬೆರಳಲ್ಲಿ ಆ ಗಿವ್ಸನ್ ಹಿಡಿದು ಹಾಡ್ತಿದ್ದರು. ಅವರು ಕರ್ತನ ಬಳಿಗೆ ಹೋದ ಮೇಲೆ ಗಿಟಾರ್ ನಾನು ತಂದೆ. ನನ್ನ ತಮ್ಮ, ಈಗ ಚನ್ನಪಟ್ಟಣದಲ್ಲಿದ್ದಾನೆ, ಸಭೆಗೆ ಬರಲ್ಲ. ಅವನು ಆಗ ಕೇಳಿದ್ದ, "ಅಣ್ಣ, ಅದು ನನ್ನ ಹತ್ರ ಇರಲಿ" ಅಂತ. ನಾನು, "ನಿಂಗೆ ನುಡಿಸೋಕೆ ಬರಲ್ಲ, ತಗೊಂಡು ಏನ್ ಮಾಡ್ತೀಯ" ಅಂದೆ. ಅವನು ಮತ್ತೆ ಕೇಳಲಿಲ್ಲ. ಆಮೇಲೆ ನಾವು ಮಾತಾಡೋದೂ ಕಡಿಮೆ ಆಯ್ತು.

ಇವತ್ತು ಓದಿದ ಭಾಗ ಎಲ್ಲಿಂದ ಶುರುವಾಗುತ್ತೆ ನೋಡಿ. ಐಶ್ವರ್ಯವಂತನ ಕಥೆ 16ನೇ ವಚನದಲ್ಲಿ ಬರುತ್ತೆ. ಆದರೆ ನಾನು 13ರಿಂದ ಓದಿಸಿದೆ. ಜನರ ಗುಂಪಿನಿಂದ ಒಬ್ಬ ಬಂದು, ಪಿತ್ರಾರ್ಜಿತದಲ್ಲಿ ನನಗೆ ಪಾಲು ಕೊಡೋಕೆ ನನ್ನ ಅಣ್ಣನಿಗೆ ಹೇಳಿ ಅಂತಾನೆ. ಯೇಸು ಸ್ವಾಮಿ ನ್ಯಾಯ ತೀರಿಸೋಕೆ ಒಪ್ಪಲ್ಲ, ಈ ಕಥೆ ಹೇಳ್ತಾರೆ. ನಾನು ಯಾವಾಗಲೂ ಆ ಕೇಳೋಕೆ ಬಂದವನನ್ನ ಬೈದುಕೊಂಡು ಮುಂದಕ್ಕೆ ಓದ್ತಿದ್ದೆ. ಅಲ್ಲಿಗೆ ಬರದೇ ಮನೆಯಲ್ಲಿ ಕೂತಿದ್ದ ಅಣ್ಣ ಒಬ್ಬ ಇದ್ದಾನೆ ಅಂತ ಈ ಸಲ ಗೊತ್ತಾಯ್ತು.

ಬುಧವಾರ ರಜೆ ಹಾಕಿದ್ದೀನಿ. ಗಿಟಾರ್ ತಗೊಂಡು ಚನ್ನಪಟ್ಟಣಕ್ಕೆ ಹೋಗ್ತೀನಿ. ಅವನು ಬಾಗಿಲು ತೆಗೀತಾನಾ, ತಗೊಳ್ತಾನಾ, ಬೇಡ ಅಂತಾನಾ, ಗೊತ್ತಿಲ್ಲ. ಕೊಡೋಕೆ ನನಗೆ ಮನಸ್ಸು ಪೂರ್ತಿ ಬಂದಿದೆ ಅಂತಾನೂ ಹೇಳಲಾರೆ. ನಿನ್ನೆ ರಾತ್ರಿ ಅದರ ಧೂಳು ಒರೆಸಿ, ತಂತಿ ಸ್ವಲ್ಪ ಸಡಿಲ ಮಾಡಿ ಚೀಲಕ್ಕೆ ಹಾಕಿ ಬಾಗಿಲ ಹತ್ರ ಇಟ್ಟಿದ್ದೀನಿ. ಒಳಗೆ ತಂದು ಮತ್ತೆ ನೇತುಹಾಕದ ಹಾಗೆ ನನಗಾಗಿ ಪ್ರಾರ್ಥನೆ ಮಾಡಿ.

ಎದ್ದು ನಿಲ್ಲೋಣ. ಪೀಣ್ಯದಲ್ಲಿ ಇವತ್ತೂ ಶಿಫ್ಟಲ್ಲಿರೋ ಆ ತಮ್ಮ ಇದನ್ನ ರಾತ್ರಿ ಮೊಬೈಲಲ್ಲಿ ಓದ್ತಾನೆ, ಅವನನ್ನೂ ನೆನೆಸ್ಕೊಳ್ಳಿ. ನಿಮ್ಮನ್ನ ಏನಾದರೂ ಕೇಳಿ, "ನೋಡೋಣ" ಅನ್ನಿಸಿಕೊಂಡು ಹೋದವರು ಯಾರಿದ್ದಾರೆ? ಆ ಒಬ್ಬರ ಹೆಸರನ್ನ ಬಾಯಿಬಿಟ್ಟು ಕರ್ತನ ಮುಂದೆ ಹೇಳಿ. ಕೀಬೋರ್ಡ್ ಈಗ ಬೇಡ ತಮ್ಮ, ಸ್ವಲ್ಪ ಹೊತ್ತು ಹಾಗೇ ಇರೋಣ.

ಪರಲೋಕದ ತಂದೆಯೇ, ಯೇಸುವಿನ ನಾಮದಲ್ಲಿ ನಿಮ್ಮ ಮುಂದೆ ಬರ್ತೀವಿ…